ನೂರಾರು ಚಿತ್ರಗಳಿಗೆ ಒಂದೇ ಆದೇಶ

ರಾಜ್ಯೋತ್ಸವದ ಸಮಾರಂಭ ಮುಗಿದ ಮರುದಿನದಿಂದಲೇ ನಮಗೆ ದೂರವಾಣಿ ಕರೆಗಳು ಬರತೊಡಗುತ್ತವೆ. 'ಫೋಟೋಗಳನ್ನು ಇನ್ನೂ ಹಾಕಿಲ್ಲವೇ?' ಎಂಬುದೊಂದೇ ಪ್ರಶ್ನೆ. ಕೇಳುವವರ ಆತುರ ಸಹಜವಾದುದೇ. ಮೊಮ್ಮಗಳು ವೇದಿಕೆಯ ಮೇಲೆ ಕೋಲಾಟವಾಡಿದ ಚಿತ್ರವನ್ನು ಧಾರವಾಡದಲ್ಲಿರುವ ಅಜ್ಜಿಗೆ ತೋರಿಸಬೇಕಾಗಿರುತ್ತದೆ. ಆದರೆ ಚಿತ್ರಗಳು ಕ್ಯಾಮರಾದಿಂದ ನೇರವಾಗಿ ಜಾಲತಾಣಕ್ಕೆ ಹೋಗುವಂತಿಲ್ಲ. ಮೂರು ನಾಲ್ಕು ಮಂದಿ ತೆಗೆದ ಚಿತ್ರಗಳೆಲ್ಲ ಸೇರಿ ಸುಮಾರು 800 ಆಗುತ್ತವೆ. ಒಂದೊಂದೂ 4 ಮೆಗಾಬೈಟ್ ಎಂದಿಟ್ಟುಕೊಂಡರೂ ಒಟ್ಟು 3,200 ಮೆಗಾಬೈಟ್. ಅಷ್ಟನ್ನೂ ಹಾಗೆಯೇ ಏರಿಸಿದರೆ ನೋಡುವವರ ಮೊಬೈಲಿನಲ್ಲಿ ಪುಟ ತೆರೆಯುವ ಹೊತ್ತಿಗೆ ಅವರ ಉತ್ಸಾಹವೇ ಆರಿಹೋಗಿರುತ್ತದೆ. ಆದುದರಿಂದ ಚಿತ್ರಗಳನ್ನು ಕಿರಿದುಗೊಳಿಸಬೇಕು.

ಒಂದೊಂದೇ ಚಿತ್ರವನ್ನು ತೆರೆದು, ಅಳತೆ ಬದಲಿಸಿ, ಹೊಸ ಹೆಸರು ಕೊಟ್ಟು ಉಳಿಸಲು ಎಷ್ಟು ಚುರುಕಿನವರಿಗೂ ಒಂದು ನಿಮಿಷ ಬೇಕು. 800 ಚಿತ್ರಗಳಿಗೆ ಹದಿಮೂರು ಗಂಟೆಗಿಂತ ಹೆಚ್ಚು. ಮೊದಲ ಎರಡು ವರ್ಷ ನಾವು ಹಾಗೆಯೇ ಮಾಡಿದೆವು. ಮನೆಯವರಿಂದ ಕೇಳಬಾರದ ಮಾತುಗಳನ್ನೂ ಕೇಳಿದೆವು. ಈಗ ಅದೇ ಕೆಲಸವನ್ನು ಒಂದು ಸಾಲಿನ ಆದೇಶದಿಂದ ಗಣಕಯಂತ್ರವೇ ಮಾಡಿ ಮುಗಿಸುತ್ತದೆ. ನಾವು ಅಷ್ಟರಲ್ಲಿ ಊಟ ಮುಗಿಸಿ ಬರುತ್ತೇವೆ. ಆ ವಿಧಾನವನ್ನು ಸಂಘದ ಇತರರೂ ಕಲಿತುಕೊಳ್ಳಲಿ ಎಂದು ಈ ಲೇಖನ. ಅದೇ ಒಂದು ಸಾಲಿನಿಂದ ನಮ್ಮ ಕೈಯಿಂದ ಆದ ಒಂದು ಅನಾಹುತವನ್ನೂ ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಅದನ್ನು ಮುಚ್ಚಿಟ್ಟು ವಿಧಾನವನ್ನಷ್ಟೇ ಹೇಳುವುದು ಸರಿಯಲ್ಲ.

ನಾವು ಕಲಾ ವಿಭಾಗದಲ್ಲಿ ಪದವಿ ಪಡೆದವರು. ಹೊಟ್ಟೆಪಾಡಿಗೆ ಬ್ಯಾಂಕು ಸೇರಿದವರು. ಗಣಕವಿಜ್ಞಾನವನ್ನು ಓದಿದವರಲ್ಲ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಈ ವಿಷಯ ಅಷ್ಟೇನೂ ಅಪರಿಚಿತವಲ್ಲ. ರಿಸರ್ವ್ ಬ್ಯಾಂಕು ನೇಮಿಸಿದ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಯಂತ್ರಗಳು ಬಂದವು. ನಾವು ನೌಕರಿಗೆ ಸೇರಿದಾಗ ಮೇಜಿನ ಮೇಲಿದ್ದುದು ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರಗಳು. ಇಲಿ ಇರಲಿಲ್ಲ, ಚಿತ್ರಗಳಿರಲಿಲ್ಲ. ಅಕ್ಷರಗಳನ್ನು ಬೆರಳಚ್ಚಿಸಿ ಆದೇಶ ಕೊಡಬೇಕಾಗಿತ್ತು. ಸಂಜೆ ದಿನದ ವ್ಯವಹಾರ ಮುಗಿದ ಮೇಲೆ 'ಡೇ ಎಂಡ್' ಎಂಬ ಕಾರ್ಯ ನಡೆಯುತ್ತಿತ್ತು. ಸಾವಿರಾರು ಖಾತೆಗಳಿಗೆ ಒಂದೇ ನಿಯಮವನ್ನು ಯಂತ್ರ ಸಾಲಾಗಿ ಅನ್ವಯಿಸುತ್ತ ಹೋಗುತ್ತಿತ್ತು. ಇದಕ್ಕೇ ಬ್ಯಾಚ್ ಕಾರ್ಯ ಎಂದು ಹೆಸರು. ಚಿತ್ರಗಳ ವಿಷಯದಲ್ಲಿ ನಾವು ಮಾಡಹೊರಟಿರುವುದೂ ಇದನ್ನೇ: ಖಾತೆಯ ಬದಲು ಛಾಯಾಚಿತ್ರ, ಬಡ್ಡಿಯ ನಿಯಮದ ಬದಲು ಅಳತೆಯ ನಿಯಮ.

ಕಪ್ಪು ಪರದೆ ಎಂದರೆ ಹಳೆಯ ಕಾಲದ್ದು, ಇಂಗ್ಲಿಷಿನದ್ದು ಎಂದು ಹಿಂಜರಿಯುವವರಿಗೆ ಒಂದು ಮಾತು. ಆ ಪರದೆಯ ಮೇಲೆ ಕನ್ನಡ, ಮರಾಠಿ ಮೊದಲಾದ ನಮ್ಮ ಲಿಪಿಗಳನ್ನು ಮೂಡಿಸುವ ಕೆಲಸ ಗಟ್ಟಿಯಾಗಿ ನಡೆದದ್ದು ನಮ್ಮ ಪುಣೆಯಲ್ಲಿಯೇ. 1988ರಲ್ಲಿ ಇಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿ, ಡಾಸ್ ಗಣಕಗಳಲ್ಲಿ ಭಾರತೀಯ ಭಾಷೆಗಳು ಕಾಣುವಂತೆ ಮಾಡಿತು. ಇಂದಿಗೂ ಪ್ರತಿಯೊಂದು ವಿಂಡೋಸ್, ಮ್ಯಾಕ್, ಲಿನಕ್ಸ್ ಗಣಕದಲ್ಲಿ ಆ ಕಪ್ಪು ಕಿಟಕಿ ಇದ್ದೇ ಇದೆ. ನಾವು ಅದನ್ನು ತೆರೆಯುವುದಿಲ್ಲ, ಅಷ್ಟೇ.

ಆದೇಶಕ್ಕೆ ಮೊದಲು ಚಿತ್ರವೆಂದರೇನು ಎಂದು ನೋಡೋಣ. ಗಣಕದ ಚಿತ್ರವು ಬಿಂದುಗಳ ಒಂದು ಹಾಸು. ಈ ಬಿಂದುಗಳನ್ನೇ ಪಿಕ್ಸೆಲ್ ಎನ್ನುತ್ತಾರೆ. 12 ಮೆಗಾಪಿಕ್ಸೆಲ್ ಕ್ಯಾಮರಾ ಅಗಲಕ್ಕೆ 4,000, ಎತ್ತರಕ್ಕೆ 3,000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳನ್ನು ಕೊಡುತ್ತದೆ. ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು ಬೇಕಾದುದರಿಂದ ಯಥಾವತ್ತಾಗಿ ಬರೆದಿಟ್ಟರೆ ಒಂದು ಚಿತ್ರಕ್ಕೆ 36 ಮೆಗಾಬೈಟ್ ಆಗಬೇಕು. ಆದರೆ ಕಡತ ನಾಲ್ಕೇ ಮೆಗಾಬೈಟ್ ಇರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರಗಳನ್ನು ಅಡಕಗೊಳಿಸುವ ಒಂದು ಗಣಿತವಿಧಾನವನ್ನು ಅಧ್ಯಯನ ಮಾಡಲು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರ ಆಕ್ಷೇಪಣೆಯಂತೆ! ಆದರೂ ಅವರು ಆ ಕೆಲಸವನ್ನು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಆ ಪ್ರಬಂಧವೇ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ವಿಧಾನಕ್ಕೆ ಮೂಲ. 1992ರಲ್ಲಿ ಸಿದ್ಧವಾದ ಜೆಪೆಗ್ ಎಂಬ ಚಿತ್ರಮಾದರಿ ಅದರ ಮೇಲೆಯೇ ನಿಂತಿದೆ. ನಮ್ಮ ಮೊಬೈಲಿನಲ್ಲಿ ದಿನಕ್ಕೆ ಹತ್ತು ಬಾರಿ ಕಾಣುವ ಜೆಪಿಜಿ ಕಡತ ಇದೇ.

ಆ ವಿಧಾನದ ತಿರುಳನ್ನು ನಾವು ಅರ್ಥಮಾಡಿಕೊಂಡದ್ದು ಹೀಗೆ. ಅಂಗಡಿಯಲ್ಲಿ ನೋಡಿದ ಇಳಕಲ್ ಸೀರೆಯೊಂದನ್ನು ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ವರ್ಣಿಸುವಾಗ ಯಾರೂ ಒಂದೊಂದು ಎಳೆಯ ಬಣ್ಣವನ್ನು ಹೇಳುವುದಿಲ್ಲ. ಮೊದಲು ಒಡಲಿನ ಬಣ್ಣ, ಅನಂತರ ಚೌಕಳಿ ಎಷ್ಟು ದೊಡ್ಡದು, ಅನಂತರ ಅಂಚು, ಸೆರಗು. ತೀರ ಸೂಕ್ಷ್ಮವಾದ ನೇಯ್ಗೆಯನ್ನು ಹೇಳದೆ ಬಿಟ್ಟರೂ ಅಕ್ಕನ ಕಣ್ಣಮುಂದೆ ಸೀರೆ ನಿಲ್ಲುತ್ತದೆ. ಜೆಪೆಗ್ ಕೂಡ ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಬಿಂದುಗಳನ್ನು ಬಿಡಿಬಿಡಿಯಾಗಿ ಬರೆಯುವ ಬದಲು, ಒಟ್ಟಾರೆ ಬಣ್ಣವೆಷ್ಟು, ನಿಧಾನವಾದ ಏರಿಳಿತವೆಷ್ಟು, ವೇಗದ ಏರಿಳಿತವೆಷ್ಟು ಎಂಬ 64 ಅಂಕಿಗಳಾಗಿ ಮಾರ್ಪಡಿಸುತ್ತದೆ. ವೇಗದ ಏರಿಳಿತಗಳನ್ನು ಮನುಷ್ಯನ ಕಣ್ಣು ಅಷ್ಟಾಗಿ ಗಮನಿಸದಿರುವುದರಿಂದ ಆ ಅಂಕಿಗಳನ್ನು ಒರಟಾಗಿ ಬರೆದುಕೊಳ್ಳುತ್ತದೆ. ಹಲವು ಸೊನ್ನೆಯೇ ಆಗುತ್ತವೆ. ಸೊನ್ನೆಗಳ ಸಾಲನ್ನು ಬರೆದಿಡಲು ಸ್ಥಳವೇ ಬೇಕಿಲ್ಲ.

ಎಷ್ಟು ಒರಟಾಗಿ ಬರೆಯಬೇಕು ಎಂಬುದನ್ನು 'ಕ್ವಾಲಿಟಿ' ಎಂಬ 1ರಿಂದ 100ರ ವರೆಗಿನ ಅಂಕಿಯಿಂದ ಹೇಳುತ್ತೇವೆ. ಜಾಲತಾಣಕ್ಕೆ 80ರಿಂದ 85 ಸಾಕು. ಅಲ್ಲಿಂದ 100ಕ್ಕೆ ಏರಿಸಿದರೆ ಕಡತ ಹಲವು ಪಟ್ಟು ಉಬ್ಬುತ್ತದೆಯೇ ಹೊರತು ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಒಮ್ಮೆ ಬಿಟ್ಟದ್ದು ಬಿಟ್ಟದ್ದೇ. ಜೆಪೆಗ್ ಚಿತ್ರವನ್ನು ತೆರೆದು ತಿದ್ದಿ ಮತ್ತೆ ಉಳಿಸಿದಾಗಲೆಲ್ಲ ಇನ್ನಷ್ಟು ಸೋರುತ್ತದೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರದಲ್ಲಿ ಮುಖಗಳು ಕಲಸಿದ ಹಿಟ್ಟಿನಂತಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಅಕ್ಷರಗಳು, ಲಾಂಛನಗಳು, ಆಮಂತ್ರಣ ಪತ್ರಿಕೆಗಳು ಜೆಪೆಗ್‌ಗೆ ಒಗ್ಗುವುದಿಲ್ಲ. ಅಕ್ಷರದ ಅಂಚೆಂದರೆ ಬರಿಯ ವೇಗದ ಏರಿಳಿತವೇ ಆದುದರಿಂದ ಸುತ್ತಲೂ ಕೊಳೆ ಹಿಡಿದಂತೆ ಕಾಣುತ್ತದೆ. ಅವುಗಳಿಗೆ ಏನನ್ನೂ ಕಳೆಯದ ಪಿಎನ್‌ಜಿ ಮಾದರಿ ಲೇಸು.

ಈಗ ಸಾಧನ. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶವನ್ನು ಜಾನ್ ಕ್ರಿಸ್ಟಿ ಎಂಬುವರು 1987ರಲ್ಲಿ ಡುಪಾಂಟ್ ಕಂಪನಿಯಲ್ಲಿದ್ದಾಗ ಬರೆಯಲಾರಂಭಿಸಿದರು. 1990ರಿಂದ ಅದು ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ. ಅದರ ಏಳನೆಯ ಆವೃತ್ತಿಯಲ್ಲಿ ನಾವು ಬಳಸುವ ಸಾಲನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಡುತ್ತಿದ್ದೇವೆ. ಬೆರಳಚ್ಚಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮ್ಯಾಜಿಕ್ ಮೊಗ್ರಿಫೈ -ಪಾತ್ ಸಣ್ಣ -ಆಟೊ-ಓರಿಯೆಂಟ್ -ರಿಸೈಜ್ "1600ಎಕ್ಸ್1600>" -ಸ್ಟ್ರಿಪ್ -ಕ್ವಾಲಿಟಿ 82 *.ಜೆಪಿಜಿ

ಮೊದಲ ಪದದ ಕೊನೆಯಲ್ಲಿ ಸಿ ಮತ್ತು ಕೆ ಎರಡೂ ಇರಬೇಕು. ಎರಡನೆಯದು ಎಂ, ಓ, ಜಿ, ಆರ್, ಐ, ಎಫ್, ವೈ. ರೂಪ ಬದಲಿಸು ಎಂದು ಅರ್ಥ. 'ಪಾತ್' ಎಂದರೆ ದಾರಿ. ಹೊಸ ಪ್ರತಿಗಳನ್ನು 'ಸಣ್ಣ' ಎಂಬ ಫೋಲ್ಡರಿನಲ್ಲಿ ಇಡು ಎಂದು ಹೇಳಿದಂತಾಯಿತು. ಆ ಫೋಲ್ಡರನ್ನು ಮೊದಲೇ ಸೃಷ್ಟಿಸಿರಬೇಕು. ಸಾಲಿನ ಕೊನೆಯ ನಕ್ಷತ್ರಚಿಹ್ನೆ ಈ ಫೋಲ್ಡರಿನಲ್ಲಿರುವ ಎಲ್ಲ ಜೆಪಿಜಿ ಕಡತಗಳನ್ನೂ ಸೂಚಿಸುತ್ತದೆ. 800 ಚಿತ್ರಗಳ ಕೆಲಸವೆಲ್ಲ ಆ ಒಂದು ನಕ್ಷತ್ರದಲ್ಲಿದೆ.

1600ರ ಜೋಡಿ ಒಂದು ಚೌಕಟ್ಟು. ಅಡ್ಡಚಿತ್ರವಾಗಲಿ ಉದ್ದಚಿತ್ರವಾಗಲಿ, ಅದರೊಳಗೆ ಹಿಡಿಯುವಂತೆ ಪ್ರಮಾಣ ಕೆಡದ ಹಾಗೆ ಕಿರಿದಾಗುತ್ತದೆ. ಅಂಕಿಯ ಮುಂದಿನ ಬಾಣದಂಥ ಗುರುತು 'ಚೌಕಟ್ಟಿಗಿಂತ ದೊಡ್ಡದಿದ್ದರೆ ಮಾತ್ರ' ಎಂದು ಹೇಳುತ್ತದೆ. ಅದಿಲ್ಲದಿದ್ದರೆ ಮೊದಲೇ ಸಣ್ಣದಾಗಿರುವ ಚಿತ್ರವನ್ನು ಎಳೆದು ದೊಡ್ಡದು ಮಾಡಿ ಮಸುಕಾಗಿಸುತ್ತದೆ. ಬಾಣದ ಜಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿದರೆ ಪ್ರಮಾಣವನ್ನು ಲೆಕ್ಕಿಸದೆ ಚೌಕಟ್ಟಿಗೆ ತುಂಬಿಬಿಡುತ್ತದೆ. ಒಮ್ಮೆ ಹಾಗಾಗಿ ಅಡ್ಡಸಾಲಿನಲ್ಲಿ ನಿಂತಿದ್ದ ಕಾರ್ಯಕಾರಿ ಸಮಿತಿಯವರೆಲ್ಲ ಬಿದಿರಿನಂತೆ ಸಪೂರವಾಗಿಬಿಟ್ಟಿದ್ದರು; ಕೆಲವರಿಗೆ ಅದು ಇಷ್ಟವೂ ಆಯಿತು.

ಉದ್ಧರಣ ಚಿಹ್ನೆಗಳನ್ನು ಬಿಡುವಂತಿಲ್ಲ. ಕಪ್ಪು ಕಿಟಕಿಗೆ ಆ ಬಾಣ ಬೇರೆಯೇ ಅರ್ಥವುಳ್ಳದ್ದು. 'ಬಂದ ಉತ್ತರವನ್ನು ಮುಂದಿನ ಹೆಸರಿನ ಕಡತಕ್ಕೆ ಬರೆ' ಎಂದು ಅದು ತಿಳಿಯುತ್ತದೆ. ನಾವು ಚಿಹ್ನೆಗಳನ್ನು ಮರೆತ ದಿನ '-ಕ್ವಾಲಿಟಿ' ಎಂಬ ವಿಚಿತ್ರ ಹೆಸರಿನ ಕಡತವೊಂದು ಹುಟ್ಟಿಕೊಂಡಿತು. ಜೊತೆಗೆ '82' ಎಂಬ ಚಿತ್ರವನ್ನು ತೆರೆಯಲಾಗುತ್ತಿಲ್ಲ ಎಂಬ ದೂರು ಬೇರೆ.

'ಆಟೊ-ಓರಿಯೆಂಟ್' ಏಕೆಂದರೆ, ಮೊಬೈಲನ್ನು ನಿಲ್ಲಿಸಿ ತೆಗೆದ ಚಿತ್ರವನ್ನು ಕ್ಯಾಮರಾ ಎಷ್ಟೋ ಬಾರಿ ಮಲಗಿಸಿಯೇ ಬರೆದು, 'ತೋರಿಸುವಾಗ ತಿರುಗಿಸಿ' ಎಂಬ ಟಿಪ್ಪಣಿಯನ್ನು ಕಡತದೊಳಗೆ ಸೇರಿಸಿರುತ್ತದೆ. 'ಸ್ಟ್ರಿಪ್' ಅಂಥ ಟಿಪ್ಪಣಿಗಳನ್ನೆಲ್ಲ ಕಿತ್ತುಹಾಕುವುದರಿಂದ ಅದಕ್ಕೆ ಮೊದಲೇ ಚಿತ್ರವನ್ನು ನಿಜವಾಗಿ ತಿರುಗಿಸಿಕೊಳ್ಳಬೇಕು. ಇಲ್ಲವಾದರೆ ಭರತನಾಟ್ಯದ ಹುಡುಗಿಯರೆಲ್ಲ ಗೋಡೆಯ ಮೇಲೆ ನಡೆಯುತ್ತಿರುತ್ತಾರೆ. ಹಾಗಾದರೆ ಕಿತ್ತುಹಾಕುವುದೇಕೆ ಎಂದು ಕೇಳಬಹುದು. ಆ ಟಿಪ್ಪಣಿಗಳಲ್ಲಿ ಚಿತ್ರ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಇರಬಹುದು. ಮನೆಯಲ್ಲಿ ತೆಗೆದ ಮಗುವಿನ ಚಿತ್ರದೊಂದಿಗೆ ಮನೆಯ ವಿಳಾಸವನ್ನೂ ಜಗತ್ತಿಗೆ ಹಂಚಿದಂತಾಗುತ್ತದೆ. ಸಾರ್ವಜನಿಕ ಪ್ರತಿಯಲ್ಲಿ ಅದು ಬೇಡ.

ಇಷ್ಟುದ್ದದ ಸಾಲನ್ನು ಪ್ರತಿ ಬಾರಿಯೂ ಬೆರಳಚ್ಚಿಸುವ ಅಗತ್ಯವಿಲ್ಲ. ನೋಟ್‌ಪ್ಯಾಡಿನಲ್ಲಿ ಬರೆದು, 'ಬ್ಯಾಟ್' ಎಂಬ ಕೊನೆಯ ಹೆಸರಿನಿಂದ ಉಳಿಸಿದರೆ ಅದೇ ಒಂದು ಸ್ಕ್ರಿಪ್ಟ್. ಎರಡು ಬಾರಿ ಒತ್ತಿದರೆ ಬರೆದ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನಡೆಸುತ್ತದೆ. ನಮ್ಮ ಅನಾಹುತ ನಡೆದದ್ದು ಇಂಥ ಒಂದು ಸ್ಕ್ರಿಪ್ಟಿನಿಂದಲೇ.

ನಮ್ಮ ಸಂಘದ ಹಿರಿಯ ತಾಯಿಯೊಬ್ಬರು ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದವರು. ನದಿಯ ಬದಿಯಲ್ಲಿ, ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ಸಂಸಾರ ಹೂಡಿದವರು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿಗೆ ಖಡಕ್‌ವಾಸಲಾ ಕಟ್ಟೆಯೂ ಮುರಿದು, ಮುಠಾ ನದಿ ಪೇಠೆಗಳಿಗೆ ನುಗ್ಗಿದ ದಿನವನ್ನು ಪುಣೆಯ ಹಳಬರಾರೂ ಮರೆತಿಲ್ಲ. ಅಂದು ಅವರ ಮನೆಯ ಸಾಮಾನೆಲ್ಲ ಹೋಯಿತು. ಅಟ್ಟದ ಮೇಲಿದ್ದ ಒಂದು ಟ್ರಂಕು ಮಾತ್ರ ಉಳಿಯಿತು, ಅದರಲ್ಲಿ ಫೋಟೋಗಳಿದ್ದವು. ಮದುವೆಯ ಚಿತ್ರದ ಒಂದು ಮೂಲೆಗೆ ನೀರು ತಗಲಿ ಕಂದು ಕಲೆ ಬಿದ್ದಿತ್ತು. ಪೇಠೆಯ ಮನೆಗಳಲ್ಲಿ ಕನ್ನಡದ ಹೆಂಗಸರು ಕೂಡಿ ನಾಡಹಬ್ಬ ಮಾಡಿದ ಚಿತ್ರಗಳಿದ್ದವು. ನೆರೆ ಇಳಿದ ಮೇಲೆ ಗೋಡೆಯ ಮೇಲೆ ನೀರಿನ ಗೆರೆಯನ್ನು ಬೊಟ್ಟುಮಾಡಿ ತೋರಿಸುತ್ತಿರುವ ಅವರ ಮಾವನವರ ಚಿತ್ರವೂ ಇತ್ತು.

2009ರಲ್ಲಿ ನಾವು ಆ 43 ಚಿತ್ರಗಳನ್ನು ತಂದು ಸ್ಕ್ಯಾನ್ ಮಾಡಿ ಹಿಂದಿರುಗಿಸಿದೆವು. ಇಂಚಿಗೆ 600 ಬಿಂದುಗಳಂತೆ, ಆರು ಇಂಚಿನ ಚಿತ್ರಕ್ಕೆ 3,600 ಬಿಂದುಗಳ ಅಗಲ ದೊರೆತಿತ್ತು. 2013ರಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವಾಗ, ಮನೆ ಬದಲಿಸುವ ಗಡಿಬಿಡಿಯಲ್ಲಿ ಆ ಆಲ್ಬಮ್ ಎಲ್ಲಿಯೋ ತಪ್ಪಿಹೋಯಿತು. 'ನಿಮ್ಮ ಹತ್ರ ಅದಾವಲ್ಲ' ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

2016ರಲ್ಲಿ ಜಾಲತಾಣಕ್ಕಾಗಿ ಹಳೆಯ ಚಿತ್ರಗಳ ಒಂದು ಪುಟ ಮಾಡಬೇಕೆಂದು ನಾವು ಎರಡು ಸಾಲಿನ ಸ್ಕ್ರಿಪ್ಟ್ ಬರೆದೆವು. ಮೊದಲ ಸಾಲು: ಪ್ರತಿಗಳಿರುವ ಫೋಲ್ಡರಿಗೆ ಹೋಗು. ಎರಡನೆಯ ಸಾಲು: ಅಲ್ಲಿರುವುದನ್ನೆಲ್ಲ 800 ಬಿಂದುಗಳಿಗೆ ಇಳಿಸು. ಆಗ ನಾವು 'ಪಾತ್' ಬಳಸುತ್ತಿರಲಿಲ್ಲ. ಪ್ರತಿಗಳ ಮೇಲೆಯೇ ನಡೆಯುವ ಕೆಲಸವಲ್ಲವೇ ಎಂಬ ಧೈರ್ಯ. ಫೋಲ್ಡರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. 'ಅಂಥ ಫೋಲ್ಡರಿಲ್ಲ' ಎಂದು ಗಣಕ ಹೇಳಿತು. ಆದರೆ ನಿಲ್ಲಲಿಲ್ಲ, ನಿಲ್ಲು ಎಂದು ನಾವು ಹೇಳಿರಲಿಲ್ಲ. ಸ್ಕ್ರಿಪ್ಟ್ ಇದ್ದುದು ಮೂಲಚಿತ್ರಗಳ ಫೋಲ್ಡರಿನಲ್ಲಿ. ಅಲ್ಲಿಯೇ ನಿಂತು ಎರಡನೆಯ ಸಾಲನ್ನು ಚಾಚೂ ತಪ್ಪದೆ ನಡೆಸಿತು. ಮೊಗ್ರಿಫೈಗೆ ದಾರಿ ಹೇಳದಿದ್ದರೆ ಅದು ಹೊಸ ಕಡತವನ್ನು ಹಳೆಯದರ ಮೇಲೆಯೇ ಬರೆಯುತ್ತದೆ. ಅರ್ಧ ನಿಮಿಷದೊಳಗೆ ಕಿಟಕಿ ತಾನೇ ಮುಚ್ಚಿಕೊಂಡಿತು. ನಾವು ಪುಟಕ್ಕೆ ಬೇಕಾದ ಸಣ್ಣ ಚಿತ್ರಗಳು ಸಿದ್ಧವಾದವೆಂದು ಸಂತೋಷಪಟ್ಟೆವು.

ತಿಳಿದದ್ದು ಎರಡು ವರ್ಷಗಳ ಮೇಲೆ, ಸ್ಮರಣ ಸಂಚಿಕೆಯ ಅಚ್ಚಿನ ವೇಳೆಗೆ. ಮುದ್ರಣಕ್ಕೆ ಇಂಚಿಗೆ 300 ಬಿಂದುಗಳು ಬೇಕು. ಆರು ಇಂಚು ಅಗಲದ ಚಿತ್ರಕ್ಕೆ 1,800. ನಮ್ಮಲ್ಲಿದ್ದುದು 800. ಕರಡಚ್ಚಿನಲ್ಲಿ ಮಾವನವರ ಮುಖ ಗುರುತು ಸಿಗದಷ್ಟು ಮಸುಕಾಗಿತ್ತು. 3,600ಕ್ಕೆ 2,400 ಬಿಂದುಗಳಿದ್ದ ಚಿತ್ರ 800ಕ್ಕೆ 533 ಆದಾಗ ಉಳಿಯುವುದು ಮೂಲದ ಇಪ್ಪತ್ತರಲ್ಲಿ ಒಂದು ಪಾಲು. ಉಳಿದ ಹತ್ತೊಂಬತ್ತನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಚಿತ್ರವನ್ನು ಹಿಗ್ಗಿಸಿ ನಯಗೊಳಿಸುತ್ತವೆ ನಿಜ. ಆದರೆ ಅವು ಊಹಿಸಿ ಬರೆದ ಕಣ್ಣು ಮೂಗು ಆ ಮಾವನವರದಲ್ಲ.

ಆ ತಾಯಿಯವರ ಮನೆಗೆ ಹೋಗಿ ನಡೆದುದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೊಳಿ ಬಿಟ್ಟಿದ್ದನ್ನ ನೀ ತೊಗೊಂಡ್ಯಲ್ಲೋ ತಮ್ಮಾ' ಎಂದರು. ಕೋಪದಿಂದ ಹೇಳಿದ್ದರೆ ನಮಗೆ ಇಷ್ಟು ನೆನಪಿರುತ್ತಿರಲಿಲ್ಲ. ಆಮೇಲೆ ಅವರೇ, ಧಾರವಾಡದ ತಂಗಿಗೆಂದು ನಾವು ಹಿಂದೊಮ್ಮೆ ಸಿ.ಡಿ. ಮಾಡಿಕೊಟ್ಟಿದ್ದನ್ನು ನೆನಪಿಸಿದರು. ಅದನ್ನು ಹುಡುಕಿಸಿ ತರಿಸಿದಾಗ 11 ಚಿತ್ರಗಳು ಪೂರ್ಣ ಅಳತೆಯಲ್ಲಿ ದೊರೆತವು. ಮದುವೆಯ ಚಿತ್ರ ಅದರಲ್ಲಿತ್ತು. ನೀರಿನ ಗೆರೆಯದು ಇರಲಿಲ್ಲ. ಉಳಿದ 32 ಚಿತ್ರಗಳನ್ನು ಅವುಗಳಿಗೆ ಸಲ್ಲುವ ಅಳತೆಯಲ್ಲಿ, ಎಂದರೆ ಎರಡೂವರೆ ಇಂಚಿನ ಅಗಲದಲ್ಲಿ ಮುದ್ರಿಸಿ ಪುಟ್ಟ ಆಲ್ಬಮ್ ಮಾಡಿ ಕೊಟ್ಟೆವು. ಪಂಚಾಂಗ ಓದುವ ಭೂತಗನ್ನಡಿಯಿಂದ ಅವರು ಅದನ್ನು ನೋಡುತ್ತಾರೆ.

ನಾಚಿಕೆಯ ವಿಷಯವೆಂದರೆ, ಇದಕ್ಕೆ ಪರಿಹಾರ ನಮ್ಮ ಉದ್ಯೋಗದಲ್ಲಿಯೇ ಇತ್ತು. ಚೆಕ್ಕುಗಳ ಕಾಗದ ಊರಿಂದೂರಿಗೆ ಓಡಾಡುವುದನ್ನು ತಪ್ಪಿಸಲು ರಿಸರ್ವ್ ಬ್ಯಾಂಕು 2008ರಲ್ಲಿ ದೆಹಲಿಯಲ್ಲಿ, 2011ರಲ್ಲಿ ಚೆನ್ನೈಯಲ್ಲಿ, 2013ರಲ್ಲಿ ಮುಂಬಯಿಯಲ್ಲಿ ಚೆಕ್ ಟ್ರಂಕೇಶನ್ ಪದ್ಧತಿಯನ್ನು ತಂದಿತು. ಅದರಂತೆ ಪ್ರತಿ ಚೆಕ್ಕಿಗೆ ಮೂರು ಚಿತ್ರಗಳು: ಮುಂಭಾಗದ ಬೂದುಬಣ್ಣದ್ದು ಇಂಚಿಗೆ 100 ಬಿಂದುಗಳಂತೆ ಜೆಪೆಗ್ ಮಾದರಿಯಲ್ಲಿ, ಮುಂಭಾಗ ಮತ್ತು ಹಿಂಭಾಗದ ಕಪ್ಪು-ಬಿಳುಪು ಚಿತ್ರಗಳು ಇಂಚಿಗೆ 200ರಂತೆ ಟಿಫ್ ಮಾದರಿಯಲ್ಲಿ. ಪ್ರಯಾಣ ಮಾಡುವುದು ಈ ಹಗುರವಾದ ಚಿತ್ರಗಳು. ಕಾಗದದ ಚೆಕ್ಕನ್ನು ಮಾತ್ರ ಪಡೆದುಕೊಂಡ ಬ್ಯಾಂಕೇ ಹತ್ತು ವರ್ಷ ಕಾಪಾಡಬೇಕು. ದಿನವೂ ಇದನ್ನು ಮಾಡುತ್ತಿದ್ದ ನಾವು ಮನೆಯಲ್ಲಿ ಮೂಲವನ್ನೇ ಪ್ರಯಾಣಕ್ಕೆ ಕಳುಹಿಸಿದ್ದೆವು.

ಈಗ ನಮ್ಮಲ್ಲಿ ಮೂರು ಫೋಲ್ಡರುಗಳಿವೆ. 'ಮೂಲ' ಎಂಬುದರಲ್ಲಿ ಕ್ಯಾಮರಾದಿಂದ ಅಥವಾ ಸ್ಕ್ಯಾನರಿನಿಂದ ಬಂದದ್ದು ಬಂದಂತೆಯೇ, ಟಿಪ್ಪಣಿಗಳ ಸಮೇತ ಇರುತ್ತದೆ. ಕಡತಗಳನ್ನೆಲ್ಲ 'ಓದಲು ಮಾತ್ರ' ಎಂದು ಗುರುತು ಹಾಕಿರುತ್ತೇವೆ. ಅದರ ಇನ್ನೊಂದು ಪ್ರತಿ ಬೇರೊಬ್ಬ ಸದಸ್ಯರ ಮನೆಯ ಡಿಸ್ಕಿನಲ್ಲಿದೆ. 'ಕೆಲಸ' ಎಂಬುದರಲ್ಲಿ ನಕಲುಗಳು. ಸ್ಕ್ರಿಪ್ಟ್ ವಾಸಿಸುವುದು ಇಲ್ಲಿ ಮಾತ್ರ. 'ಸಣ್ಣ' ಎಂಬುದರಲ್ಲಿ ಜಾಲತಾಣಕ್ಕೆ ಹೋಗುವಂಥವು. ಸ್ಕ್ರಿಪ್ಟಿನಲ್ಲಿ ಒಂದು ಫೋಲ್ಡರಿಗೆ ಹೋಗು ಎಂದ ಕೂಡಲೇ, ಹೋಗಲಾಗದಿದ್ದರೆ ಅಲ್ಲಿಗೇ ನಿಲ್ಲು ಎಂದೂ ಬರೆದಿದ್ದೇವೆ. ವಿಂಡೋಸಿನಲ್ಲಿ ಆ ಸಾಲಿನ ಮುಂದೆಯೇ ಎರಡು ಲಂಬಗೆರೆಗಳನ್ನು ಎಳೆದು 'ಎಕ್ಸಿಟ್' ಎಂದು ಸೇರಿಸಿದರೆ ಸಾಕು. ಹೊಸ ಸ್ಕ್ರಿಪ್ಟನ್ನು ಮೊದಲು ಎರಡೇ ಚಿತ್ರಗಳ ಮೇಲೆ ನಡೆಸಿ ನೋಡುತ್ತೇವೆ.

ಹೆಸರುಗಳ ವಿಷಯದಲ್ಲಿಯೂ ಜಾಗ್ರತೆ ಬೇಕು. ಇಬ್ಬರ ಕ್ಯಾಮರಾಗಳಲ್ಲಿ ಒಂದೇ ಸಂಖ್ಯೆಯ ಕಡತಗಳಿರುವುದು ಸಾಮಾನ್ಯ. ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಕುಳಿತು ಮೊದಲಿನದು ಮಾಯವಾಗುತ್ತದೆ. ಛಾಯಾಗ್ರಾಹಕರ ಹೆಸರಿನ ಮೊದಲಕ್ಷರವನ್ನು ಕಡತದ ಹೆಸರಿಗೆ ಸೇರಿಸಿಕೊಂಡರೆ ತೊಂದರೆಯಿಲ್ಲ.

ಮಾದರಿ ಬದಲಿಸುವ ಪ್ರಸಂಗವೂ ಬರುತ್ತದೆ. 2017ರಿಂದೀಚೆಗೆ ಐಫೋನುಗಳು ಎಚ್‌ಇಐಸಿ ಎಂಬ ಮಾದರಿಯಲ್ಲಿ ಚಿತ್ರ ತೆಗೆಯಬಲ್ಲವು. ಸದಸ್ಯರು ಕಳುಹಿಸಿದ ಕಡತ ತೆರೆಯುವುದಿಲ್ಲವೆಂಬ ದೂರುಗಳು ಹೆಚ್ಚಾಗಿ ಇದರಿಂದಲೇ. ಆದೇಶದಲ್ಲಿ '-ಫಾರ್ಮ್ಯಾಟ್ ಜೆಪಿಜಿ' ಎಂದು ಸೇರಿಸಿ, ಕೊನೆಯ ನಕ್ಷತ್ರದ ಮುಂದೆ ಎಚ್‌ಇಐಸಿ ಎಂದು ಬರೆದರೆ ಎಲ್ಲವೂ ಒಟ್ಟಿಗೆ ಜೆಪಿಜಿಯಾಗುತ್ತವೆ. ಹೊಸ ಕಡತದ ಕೊನೆಯ ಹೆಸರು ಬೇರೆಯಾಗುವುದರಿಂದ ಇಲ್ಲಿ ಮೂಲಕ್ಕೆ ಅಪಾಯವಿಲ್ಲ. ಇಮೇಜ್‌ಮ್ಯಾಜಿಕ್‌ನ ಹಳೆಯ ಪಾಠಗಳಲ್ಲಿ 'ಕನ್ವರ್ಟ್' ಎಂಬ ಆದೇಶ ಕಾಣಸಿಗುತ್ತದೆ. ವಿಂಡೋಸಿನಲ್ಲಿ ಅದೇ ಹೆಸರಿನ ಬೇರೊಂದು ಆದೇಶ ಮೊದಲೇ ಇದ್ದು, ಅದು ಡಿಸ್ಕಿನ ಕಡತವ್ಯವಸ್ಥೆಯನ್ನು ಬದಲಿಸುವಂಥದು. ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದುದರಿಂದ ಮ್ಯಾಜಿಕ್ ಎಂದೇ ಆರಂಭಿಸುವುದು ಕ್ಷೇಮ. ಮ್ಯಾಕ್ ಬಳಸುವವರಿಗೆ 'ಸಿಪ್ಸ್' ಎಂಬ ಸಾಧನ ಗಣಕದೊಡನೆಯೇ ಬಂದಿರುತ್ತದೆ. ಅದೂ ಔಟ್ ಎಂಬ ಸೂಚನೆಯಿಂದ ಬೇರೆ ಜಾಗ ಹೇಳದಿದ್ದರೆ ಮೂಲದ ಮೇಲೆಯೇ ಬರೆಯುತ್ತದೆ.

ಎಲ್ಲ ಮುಗಿದ ಮೇಲೆ ನಾವು ಬ್ಯಾಂಕಿನ ಅಭ್ಯಾಸದಂತೆ ತಾಳೆ ನೋಡುತ್ತೇವೆ. 'ಮೂಲ'ದಲ್ಲಿ ಎಷ್ಟು ಕಡತಗಳು, 'ಸಣ್ಣ'ದಲ್ಲಿ ಎಷ್ಟು. 'ಮೂಲ'ದ ಒಟ್ಟು ತೂಕ ಕೆಲಸಕ್ಕೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಮೊದಲಿನ ಎರಡು ಅಂಕಿಗಳು ಒಂದೇ ಆಗಿರಬೇಕು. ನಂತರದ ಎರಡರಲ್ಲಿ ಒಂದು ಬೈಟೂ ಕದಲಿರಬಾರದು. ಕಳೆದ ಬಾರಿ ಮೂರು ಚಿತ್ರಗಳು ಕಡಿಮೆ ಬಂದವು. ಹುಡುಕಿದಾಗ ಆ ಮೂರರ ಕೊನೆಯ ಹೆಸರು ಜೆಪಿಇಜಿ ಎಂದಿತ್ತು, ನಮ್ಮ ನಕ್ಷತ್ರ ಕೇಳಿದ್ದು ಜೆಪಿಜಿ. ಅವುಗಳನ್ನು ಬೇರೆಯಾಗಿ ನಡೆಸಿ, ಲೆಕ್ಕ ಕೂಡಿದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ಜಾಲತಾಣಕ್ಕೆ ಏರಿಸಿದೆವು.